ಮದ್ದು ನಾಟದ ಕೋಶಗಳು

ಶ್ರಾವಣ ಕಳೆದು ಭಾದ್ರಪದ ಬರುವ ಹೊತ್ತಿಗೆ ಭಟ್ಕಳ, ಹೊನ್ನಾವರ, ಕುಮಟಾದ ಬೇಲಿಸಾಲುಗಳಲ್ಲಿ ಕೆಂಪು ಹಳದಿಯ ಗೌರಿ ಹೂ ಅರಳುತ್ತದೆ. ಅದರ ಗೆಡ್ಡೆಯಲ್ಲಿ ಕೊಲ್ಚಿಸಿನ್ ಎಂಬ ವಿಷವಿದೆ. ಕೋಶವೊಂದು ಎರಡಾಗುವಾಗ ವರ್ಣತಂತುಗಳನ್ನು ಎಳೆದು ಹಂಚುವ ಸೂಕ್ಷ್ಮ ಎಳೆಗಳು ಬೇಕು. ಕೊಲ್ಚಿಸಿನ್ ಆ ಎಳೆಗಳನ್ನು ಕಟ್ಟಿಕೊಳ್ಳಲು ಬಿಡುವುದಿಲ್ಲ, ವಿಭಜನೆಯ ನಡುವೆಯೇ ಸಿಕ್ಕಿಬಿದ್ದ ಕೋಶ ಸಾಯುತ್ತದೆ. 1970ರ ದಶಕದಲ್ಲಿ ಕೆನಡಾದ ಟೊರೊಂಟೊದಲ್ಲಿ ವಿಕ್ಟರ್ ಲಿಂಗ್ ಮತ್ತು ಸಂಗಡಿಗರು ಹ್ಯಾಮ್‌ಸ್ಟರ್ ಅಂಡಾಶಯದ ಕೋಶಗಳಿಗೆ ಇದೇ ವಿಷವನ್ನು ಹಂತಹಂತವಾಗಿ ಹೆಚ್ಚಿಸುತ್ತ ಕೊಟ್ಟರು. ಬದುಕುಳಿದ ಕೋಶಗಳು ಕೊಲ್ಚಿಸಿನ್‌ಗೆ ಜಗ್ಗಲಿಲ್ಲ. ತಾವು ಹಿಂದೆಂದೂ ಕಾಣದ, ರಚನೆಯಲ್ಲಿ ಯಾವ ಹೋಲಿಕೆಯೂ ಇಲ್ಲದ ಬೇರೆ ಔಷಧಗಳಿಗೂ ಜಗ್ಗಲಿಲ್ಲ. ಕ್ಯಾನ್ಸರ್ ಚಿಕಿತ್ಸೆಯನ್ನು ಅರ್ಧ ಶತಮಾನದಿಂದ ಕಾಡುತ್ತಿರುವ ಬಹುಔಷಧ ಪ್ರತಿರೋಧದ ಅಧ್ಯಯನ ಗಟ್ಟಿ ನೆಲ ಕಂಡದ್ದು ಆ ಕೋಶಗಳಲ್ಲಿ.

ಸಮಸ್ಯೆ ಅದಕ್ಕಿಂತ ಹಳೆಯದು. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತಕ್ಯಾನ್ಸರಿನ 16 ಮಕ್ಕಳಿಗೆ ಅಮಿನೊಪ್ಟೆರಿನ್ ಕೊಟ್ಟಾಗ 10 ಮಕ್ಕಳು ಚೇತರಿಸಿಕೊಂಡರು. ಆ ಔಷಧವನ್ನು ಒದಗಿಸಿದ್ದು ಲೆಡರ್ಲೆ ಕಂಪನಿಯಲ್ಲಿ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಮುನ್ನಡೆಸುತ್ತಿದ್ದ ತಂಡ. ಆದರೆ ಆ ಚೇತರಿಕೆ ಕೆಲವು ತಿಂಗಳಿನದು. ರೋಗ ಮರಳಿ ಬಂದಾಗ ಅದೇ ಮದ್ದು ನಾಟಲಿಲ್ಲ. ಕ್ಷಯಕ್ಕೆ ಹಲವು ಔಷಧಗಳನ್ನು ಒಟ್ಟಿಗೆ ಕೊಟ್ಟರೆ ಪ್ರತಿರೋಧ ಹುಟ್ಟುವುದು ಕಡಿಮೆ ಎಂದು ಆ ನಂತರ ತಿಳಿಯಿತು. ಅದೇ ದಾರಿಯಲ್ಲಿ 1960ರ ದಶಕದಲ್ಲಿ ಅಮೆರಿಕದ ಎಮಿಲ್ ಫ್ರೈ ಮತ್ತು ಎಮಿಲ್ ಫ್ರೈರೈಕ್ ಮಕ್ಕಳ ರಕ್ತಕ್ಯಾನ್ಸರಿಗೆ ನಾಲ್ಕು ಔಷಧಗಳನ್ನು ಕೂಡಿಸಿ ಕೊಟ್ಟರು. ಅವುಗಳಲ್ಲಿ ಒಂದು, ನಮ್ಮ ಅಂಗಳದ ನಿತ್ಯಪುಷ್ಪದಿಂದ ಬರುವ ವಿನ್‌ಕ್ರಿಸ್ಟಿನ್. ಇಂದು ಆ ಕಾಯಿಲೆಯ ಬಹುಪಾಲು ಮಕ್ಕಳು ಗುಣವಾಗುತ್ತಾರೆ ಎಂದರೆ ಅದರ ಬುನಾದಿ ಅಲ್ಲಿದೆ.

ಆದರೂ ಕೂಡುಚಿಕಿತ್ಸೆಯ ಲೆಕ್ಕಾಚಾರದಲ್ಲಿ ಒಂದು ಬಿರುಕಿತ್ತು. ಒಂದು ಔಷಧದಿಂದ ತಪ್ಪಿಸಿಕೊಂಡ ಕೋಶ ಇನ್ನೊಂದಕ್ಕೆ ಬಲಿಯಾದೀತು ಎಂಬುದು ಅದರ ನಂಬಿಕೆ. 1970ರಲ್ಲಿ ನ್ಯೂಯಾರ್ಕಿನ ಜೂನ್ ಬೀಡ್ಲರ್ ಮತ್ತು ಹಾನ್ಸ್‌ಯೋರ್ಗ್ ರೀಮ್, ಆಕ್ಟಿನೊಮೈಸಿನ್‌ಗೆ ಒಗ್ಗಿದ ಕೋಶಗಳು ಬೇರೆ ಔಷಧಗಳಿಗೂ ಒಗ್ಗಿರುವುದನ್ನು ತೋರಿಸಿ ಆ ನಂಬಿಕೆಯನ್ನು ಅಲುಗಾಡಿಸಿದರು. ಮೂರು ವರ್ಷಗಳ ನಂತರ ಕೋಪನ್‌ಹೇಗನ್ನಿನ ಕೆಲ್ಡ್ ದಾನೊ ಇದಕ್ಕೆ ಕಾರಣದ ಸುಳಿವು ಕೊಟ್ಟರು: ಪ್ರತಿರೋಧಿ ಕೋಶಗಳು ಶಕ್ತಿ ವ್ಯಯಿಸಿ ಔಷಧವನ್ನು ಹೊರಕ್ಕೆ ದಬ್ಬುತ್ತಿವೆ. 1976ರಲ್ಲಿ ಜೂಲಿಯಾನೊ ಮತ್ತು ಲಿಂಗ್ ಆ ಕೋಶಗಳ ಪೊರೆಯಲ್ಲಿ ಸುಮಾರು 1,70,000 ಡಾಲ್ಟನ್ ತೂಕದ ಪ್ರೊಟೀನೊಂದನ್ನು ಗುರುತಿಸಿ ಪಿ-ಗ್ಲೈಕೊಪ್ರೊಟೀನ್ ಎಂದು ಕರೆದರು. ತೂತುಬಿದ್ದ ದೋಣಿಯಲ್ಲಿ ಕುಳಿತು ನೀರನ್ನು ಮೊಗೆಮೊಗೆದು ಹೊರಚೆಲ್ಲುವವನಂತೆ ಈ ಪ್ರೊಟೀನು ಒಳನುಗ್ಗಿದ ಔಷಧವನ್ನು ಎತ್ತಿ ಹಾಕುತ್ತಿರುತ್ತದೆ. 1986ರಲ್ಲಿ ಅದರ ಜೀನ್ ಪ್ರತ್ಯೇಕವಾಗಿ ಸಿಕ್ಕಿತು. 1280 ಅಮೈನೊ ಆಮ್ಲಗಳ ಸರಪಳಿ, ಪೊರೆಯನ್ನು ಹನ್ನೆರಡು ಬಾರಿ ಹೊಲಿಗೆಯಾಗಿ ದಾಟುವ ರಚನೆ, ಎಟಿಪಿಯನ್ನು ಒಡೆದು ಶಕ್ತಿ ಪಡೆಯುವ ಎರಡು ತಾಣಗಳು.

ಕ್ಯಾನ್ಸರಿಗೆಂದೇ ಹುಟ್ಟಿದ ಪ್ರೊಟೀನು ಇದಲ್ಲ. 1987ರ ಹೊತ್ತಿಗೆ ಆರೋಗ್ಯವಂತ ಯಕೃತ್ತು, ಮೂತ್ರಪಿಂಡ, ಕರುಳಿನಲ್ಲಿ, ಆಮೇಲೆ ಮಿದುಳಿನ ರಕ್ತನಾಳಗಳ ಗೋಡೆಯಲ್ಲಿ ಅದು ಕಾಣಿಸಿತು. ಅದರ ನಿತ್ಯದ ಕೆಲಸ ಏನೆಂಬುದು ಗೊತ್ತಾದದ್ದು ಆಕಸ್ಮಿಕವಾಗಿ. ಆಮ್‌ಸ್ಟರ್‌ಡ್ಯಾಮಿನ ಆಲ್ಫ್ರೆಡ್ ಶಿಂಕೆಲ್ ತಂಡ ಈ ಜೀನ್ ಇಲ್ಲದ ಇಲಿಗಳನ್ನು ಬೆಳೆಸಿತ್ತು. ಹೊರನೋಟಕ್ಕೆ ಅವಕ್ಕೆ ಯಾವ ಕೊರತೆಯೂ ಇರಲಿಲ್ಲ. ಒಮ್ಮೆ ನುಸಿ ಕಾಟಕ್ಕೆಂದು ಎಲ್ಲ ಇಲಿಗಳಿಗೂ ಐವರ್‌ಮೆಕ್ಟಿನ್ ಸಿಂಪಡಿಸಿದಾಗ ಸಾಮಾನ್ಯ ಇಲಿಗಳು ಉಳಿದವು, ಜೀನ್ ಇಲ್ಲದವು ಸತ್ತವು. ಹೊರದಬ್ಬುವ ಈ ಪಂಪು ಇಲ್ಲದ ಇಲಿಗಳ ಮಿದುಳಿಗೆ ಔಷಧ ಸಲೀಸಾಗಿ ನುಗ್ಗಿತ್ತು. ಅವು ಆ ಮದ್ದಿಗೆ ಸುಮಾರು 100 ಪಟ್ಟು ಸೂಕ್ಷ್ಮವಾಗಿದ್ದವು. 1994ರಲ್ಲಿ ಪ್ರಕಟವಾದ ಈ ಫಲಿತಾಂಶ ಇಡೀ ಕ್ಷೇತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ತಪ್ಪಿಸಿಕೊಂಡು ಓಡಲಾಗದ ಗಿಡಗಳು ವಿಷ ತಯಾರಿಸುತ್ತವೆ. ಅವನ್ನು ತಿನ್ನುವ ಪ್ರಾಣಿಗಳು ವಿಷ ಹೊರಹಾಕುವ ವ್ಯವಸ್ಥೆ ಕಟ್ಟಿಕೊಂಡಿವೆ. ನಮ್ಮ ಕಿಮೋ ಔಷಧಗಳಲ್ಲಿ ಹಲವು ಗಿಡಗಳ ವಿಷಗಳೇ ಆದ್ದರಿಂದ, ಕ್ಯಾನ್ಸರ್ ಕೋಶ ನಮ್ಮ ದೇಹ ಬಹುಕಾಲದಿಂದ ಇಟ್ಟುಕೊಂಡ ಕಾವಲನ್ನೇ ತನಗಾಗಿ ದುಡಿಸಿಕೊಳ್ಳುತ್ತದೆ.

ಈ ಅರಿವು ಮೊದಲೇ ಬಂದಿದ್ದರೆ ಪಂಪನ್ನು ತಡೆಯುವ ಪ್ರಯತ್ನಗಳ ನಿರಾಶೆ ಸ್ವಲ್ಪ ಕಡಿಮೆಯಾಗುತ್ತಿತ್ತೇನೋ. 1981ರಲ್ಲಿ ಜಪಾನಿನ ತಕಾಶಿ ತ್ಸುರುವೊ, ಹೃದಯರೋಗಕ್ಕೆ ಕೊಡುವ ವೆರಾಪಮಿಲ್ ಸೇರಿಸಿದರೆ ಪ್ರತಿರೋಧಿ ಕೋಶಗಳಿಗೆ ವಿನ್‌ಕ್ರಿಸ್ಟಿನ್ ಮತ್ತೆ ನಾಟುತ್ತದೆಂದು ಕಂಡುಕೊಂಡರು. ಪಂಪು ಕಟ್ಟಿದರೆ ಸಾಕು, ಹಳೆಯ ಔಷಧಗಳೇ ಗೆಲ್ಲುತ್ತವೆ ಎಂಬ ಭರವಸೆ ಹುಟ್ಟಿತು. ರೋಗಿಗಳಲ್ಲಿ ಮಾತ್ರ ಪಂಪು ಕಟ್ಟಲು ಬೇಕಾದಷ್ಟು ವೆರಾಪಮಿಲ್ ಕೊಟ್ಟರೆ ರಕ್ತದೊತ್ತಡ ಕುಸಿಯುತ್ತಿತ್ತು, ಹೃದಯದ ಲಯ ತಪ್ಪುತ್ತಿತ್ತು. ಎರಡನೇ ಪೀಳಿಗೆಯ ವಾಲ್‌ಸ್ಪೋಡಾರ್ ಯಕೃತ್ತಿನಲ್ಲಿ ಔಷಧಗಳನ್ನು ಅರಗಿಸುವ ಕಿಣ್ವವನ್ನೂ ತಡೆಯಿತು. ಕಿಮೋ ಔಷಧ ರಕ್ತದಲ್ಲಿ ಹೆಚ್ಚು ಹೊತ್ತು ಉಳಿದು ವಿಷವಾಗುತ್ತಿದ್ದುದರಿಂದ ಅದರ ಪ್ರಮಾಣ ಇಳಿಸಬೇಕಾಯಿತು. ಲಾಭವೂ ಅದರೊಂದಿಗೆ ಇಳಿಯಿತು. ಮೂರನೇ ಪೀಳಿಗೆಯ ಟಾರಿಕ್ವಿಡಾರ್ ಶ್ವಾಸಕೋಶದ ಕ್ಯಾನ್ಸರಿನ ದೊಡ್ಡ ಪ್ರಯೋಗಗಳಲ್ಲಿ ಅಡ್ಡಪರಿಣಾಮದಿಂದಾಗಿ ನಿಂತುಹೋಯಿತು. ಜೊಸುಕ್ವಿಡಾರ್ ಹಿರಿಯ ವಯಸ್ಸಿನ ರಕ್ತಕ್ಯಾನ್ಸರ್ ರೋಗಿಗಳ ಆಯುಷ್ಯ ಹೆಚ್ಚಿಸಲಿಲ್ಲವೆಂದು 2010ರಲ್ಲಿ ವರದಿಯಾಯಿತು. ಯಾರ ಗಡ್ಡೆಯಲ್ಲಿ ಪಂಪು ನಿಜಕ್ಕೂ ಹೆಚ್ಚಿದೆ ಎಂದು ಮೊದಲೇ ಪರೀಕ್ಷಿಸದೆ ಎಲ್ಲರಿಗೂ ಒಂದೇ ಮದ್ದು ಕೊಟ್ಟದ್ದು ಈ ಪ್ರಯೋಗಗಳಲ್ಲಿ ಹಲವುಗಳ ದೊಡ್ಡ ದೌರ್ಬಲ್ಯ.

ಇಲ್ಲಿ ನಮ್ಮ ಸೀಮೆಯ ಒಂದು ಬೆಳೆ ಕಥೆಯೊಳಗೆ ಬರುತ್ತದೆ. ಭಟ್ಕಳದ ಹಾಡುವಳ್ಳಿಯಿಂದ ಗೇರುಸೊಪ್ಪೆಯವರೆಗೆ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 16ನೇ ಶತಮಾನದಲ್ಲಿ ಕಾಳುಮೆಣಸಿನ ರಾಣಿ ಎಂದು ಕರೆದರು. ಆ ಮೆಣಸಿನ ಖಾರ ಪೈಪರಿನ್ ಎಂಬ ರಾಸಾಯನಿಕದ್ದು. ಪೈಪರಿನ್ ಮನುಷ್ಯರ ಪಿ-ಗ್ಲೈಕೊಪ್ರೊಟೀನನ್ನೂ, ವಾಲ್‌ಸ್ಪೋಡಾರ್ ತಡೆದ ಅದೇ ಯಕೃತ್ತಿನ ಕಿಣ್ವವನ್ನೂ ತಡೆಯುತ್ತದೆ ಎಂದು 2002ರಲ್ಲಿ ಕೋಶಗಳ ಮೇಲಿನ ಪ್ರಯೋಗದಿಂದ ತಿಳಿಯಿತು. ಜಮ್ಮುವಿನ ಸಂಶೋಧನಾಲಯ ಇದಕ್ಕೂ ಮೊದಲೇ, ಪೈಪರಿನ್ ಬೇರೆ ಔಷಧಗಳ ಹೀರಿಕೆಯನ್ನು ಹೆಚ್ಚಿಸುವುದನ್ನು ಗುರುತಿಸಿತ್ತು. ಆ ಕೆಲಸದ ಫಲವಾಗಿ, ಕಡಿಮೆ ರಿಫಾಂಪಿಸಿನ್ ಜತೆ ಪೈಪರಿನ್ ಸೇರಿಸಿದ ಕ್ಷಯದ ಔಷಧವೊಂದು 2009ರಲ್ಲಿ ಭಾರತದಲ್ಲಿ ಅನುಮೋದನೆ ಪಡೆಯಿತು.

ಕ್ಯಾನ್ಸರಿನ ವಿಷಯದಲ್ಲಿ ಇದನ್ನು ಎಚ್ಚರಿಕೆಯಿಂದ ಓದಬೇಕು. ಸಾರಿಗೆ ಬೀಳುವ ನಾಲ್ಕು ಮೆಣಸಿನ ಕಾಳಿಗೆ ಹೆದರಬೇಕಿಲ್ಲ. ಕಿಮೋ ನಡೆಯುತ್ತಿರುವಾಗ ಮೆಣಸು, ಹಿಪ್ಪಲಿ ಕುದಿಸಿ ಗಟ್ಟಿ ಮಾಡಿದ ಕಷಾಯವನ್ನು ದಿನವೂ ಕುಡಿಯುವುದು ಬೇರೆ ಮಾತು. ಪಂಪು ಮತ್ತು ಕಿಣ್ವ ಎರಡನ್ನೂ ತಡೆಯುವ ವಸ್ತು ಒಳಗೆ ಸೇರಿದರೆ ವೈದ್ಯರು ತೂಗಿ ಕೊಟ್ಟ ಔಷಧದ ಪ್ರಮಾಣ ರಕ್ತದಲ್ಲಿ ಏರಬಹುದು. ಮನೆಮದ್ದು ತೆಗೆದುಕೊಳ್ಳುತ್ತಿದ್ದೇವೆ ಎಂದು ವೈದ್ಯರಿಗೆ ಹೇಳಲು ಹಿಂಜರಿಯುವ ಕುಟುಂಬಗಳಿಗೆ ನನ್ನ ಕೋರಿಕೆ ಇಷ್ಟೇ: ಹೇಳಿ. ಮುರುಗಲು ಹಣ್ಣಿನ ಸಿಪ್ಪೆಯ ಗಾರ್ಸಿನಾಲ್ ಬಗ್ಗೆಯೂ ಇದೇ ಎಚ್ಚರ ಬೇಕು. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ, ಜೀನ್‌ಗಳನ್ನು ತೆರೆದಿಡುವ ಒಂದು ಬಗೆಯ ಕಿಣ್ವವನ್ನು ಗಾರ್ಸಿನಾಲ್ ತಡೆಯುತ್ತದೆಂದು 2004ರಲ್ಲಿ ತೋರಿಸಿತು. ಅದು ಒಳ್ಳೆಯ ವಿಜ್ಞಾನ. ಮುರುಗಲು ಪಾನಕವನ್ನು ಅದು ಕ್ಯಾನ್ಸರಿನ ಮದ್ದಾಗಿಸುವುದಿಲ್ಲ.

ಪಿ-ಗ್ಲೈಕೊಪ್ರೊಟೀನ್ ಒಂದೇ ಪಂಪಲ್ಲ ಎಂಬುದೂ ಈ ನಡುವೆ ಗೊತ್ತಾಗುತ್ತ ಬಂತು. 1992ರಲ್ಲಿ ಕೆನಡಾದ ಸೂಸನ್ ಕೋಲ್ ಮತ್ತು ರೋಜರ್ ಡೀಲಿ ಶ್ವಾಸಕೋಶದ ಕ್ಯಾನ್ಸರ್ ಕೋಶಗಳಲ್ಲಿ ಇನ್ನೊಂದನ್ನು ಕಂಡರು. 1998ರಲ್ಲಿ ಮೇರಿಲ್ಯಾಂಡಿನ ಡಾಯ್ಲ್ ಮತ್ತು ರಾಸ್ ಸ್ತನ ಕ್ಯಾನ್ಸರಿನ ಕೋಶಗಳಲ್ಲಿ ಗುರುತಿಸಿದ ಮೂರನೆಯದಕ್ಕೆ ಈಗ ಎಬಿಸಿಜಿ2 ಎಂದು ಹೆಸರು. ನಮ್ಮ ಘಟ್ಟದ ಕಾಡಿಗೂ ಈ ಪಂಪಿಗೂ ನೇರ ಸಂಬಂಧವಿದೆ.

ಪಶ್ಚಿಮ ಘಟ್ಟದಲ್ಲಿ ಬೆಳೆಯುವ ನೊಥಪೊಡೈಟಿಸ್ ನಿಮ್ಮೋನಿಯಾನ ಎಂಬ ಸಣ್ಣ ಮರವನ್ನು ಹೂವಿನ ನಾತದಿಂದಾಗಿ ದುರ್ವಾಸನೆ ಮರ ಎನ್ನುತ್ತಾರೆ. 1966ರಲ್ಲಿ ಅಮೆರಿಕದ ಮನ್ರೋ ವಾಲ್ ಮತ್ತು ಮಹಾರಾಷ್ಟ್ರದ ನಂದುರ್ಬಾರಿನಲ್ಲಿ ಹುಟ್ಟಿದ ಮನ್ಸುಖ್ ವಾಣಿ, ಚೀನಾದ ಮರವೊಂದರಿಂದ ಕ್ಯಾಂಪ್ಟೊಥೆಸಿನ್ ಎಂಬ ಕ್ಯಾನ್ಸರ್‌ನಿರೋಧಕ ವಸ್ತುವನ್ನು ತೆಗೆದಿದ್ದರು. ಅದೇ ವಸ್ತು ದುರ್ವಾಸನೆ ಮರದಲ್ಲೂ ಇದೆಯೆಂದು 1972ರಲ್ಲಿ ಟಿ.ಆರ್. ಗೋವಿಂದಾಚಾರಿ ಮತ್ತು ವಿಶ್ವನಾಥನ್ ವರದಿ ಮಾಡಿದರು. ಕೋಶ ತನ್ನ ಡಿಎನ್‌ಎ ಸುರುಳಿಯನ್ನು ಸಡಿಲಿಸಲು ಬಳಸುವ ಟೊಪೊಐಸೊಮರೇಸ್ ಕಿಣ್ವವನ್ನು ಕ್ಯಾಂಪ್ಟೊಥೆಸಿನ್ ಡಿಎನ್‌ಎಗೇ ಸಿಕ್ಕಿಸಿಬಿಡುತ್ತದೆಂದು 1985ರಲ್ಲಿ ಗೊತ್ತಾಯಿತು. ಅದರಿಂದ ರೂಪುಗೊಂಡ ಟೊಪೊಟಿಕಾನ್ ಮತ್ತು ಇರಿನೊಟಿಕಾನ್ 1996ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದವು. ಮೊದಲನೆಯದು ಅಂಡಾಶಯದ ಕ್ಯಾನ್ಸರಿಗೆ, ಎರಡನೆಯದು ದೊಡ್ಡ ಕರುಳಿನದಕ್ಕೆ. 1999ರಲ್ಲಿ ಡಚ್ ಸಂಶೋಧಕರು ಟೊಪೊಟಿಕಾನ್‌ಗೆ ಒಗ್ಗಿಸಿದ ಅಂಡಾಶಯದ ಕ್ಯಾನ್ಸರ್ ಕೋಶಗಳಲ್ಲಿ ಎಬಿಸಿಜಿ2 ತುಂಬಿಕೊಂಡಿತ್ತು. ಘಟ್ಟದ ಇನ್ನೊಂದು ಮರ ಡೈಸೊಕ್ಸೈಲಮ್ ಬೈನೆಕ್ಟಾರಿಫೆರಮ್‌ನ ರೊಹಿಟುಕಿನ್ ಆಧರಿಸಿ ರೂಪಿಸಿದ ಫ್ಲೇವೊಪಿರಿಡಾಲ್‌ಗೂ ಅದೇ ಗತಿ. ಅದಕ್ಕೆ ಒಗ್ಗಿದ ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಇದೇ ಪಂಪು ಹೆಚ್ಚಿರುವುದು 2001ರಲ್ಲಿ ಪ್ರಕಟವಾಯಿತು.

ಮರ ತನ್ನೊಳಗಿನ ವಿಷದಿಂದ ತಾನೇ ಸಾಯುವುದಿಲ್ಲವೇಕೆ? ಅದರ ಕೋಶಗಳಲ್ಲೂ ಟೊಪೊಐಸೊಮರೇಸ್ ಇದೆಯಲ್ಲ. ಜಪಾನಿನ ಚಿಬಾ ವಿಶ್ವವಿದ್ಯಾಲಯದ ಕಜುಕಿ ಸೈಟೊ ತಂಡ 2008ರಲ್ಲಿ ಕೊಟ್ಟ ಉತ್ತರ ಬೆರಗು ಹುಟ್ಟಿಸುತ್ತದೆ. ಕ್ಯಾಂಪ್ಟೊಥೆಸಿನ್ ತಯಾರಿಸುವ ಚೀನೀ ಮರ ಮತ್ತು ಕೆಲವು ಒಫಿಯೊರೈಜಾ ಗಿಡಗಳಲ್ಲಿ ಆ ಕಿಣ್ವದ ಒಂದು ಅಮೈನೊ ಆಮ್ಲ ಬದಲಾಗಿದೆ, ವಿಷ ಅದನ್ನು ಹಿಡಿಯದು. ಮನುಷ್ಯರ ರಕ್ತಕ್ಯಾನ್ಸರಿನ ಕೋಶಗಳು ಪ್ರಯೋಗಾಲಯದಲ್ಲಿ ಈ ಮದ್ದಿಗೆ ಒಗ್ಗಿದಾಗ ಬದಲಾಗಿದ್ದುದೂ ಅದೇ ಜಾಗದ ಅದೇ ಅಮೈನೊ ಆಮ್ಲ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಆರ್. ಉಮಾಶಂಕರ್ ಮತ್ತು ಸಹೋದ್ಯೋಗಿಗಳು ಪಶ್ಚಿಮ ಘಟ್ಟದುದ್ದಕ್ಕೂ ದುರ್ವಾಸನೆ ಮರಗಳನ್ನು ಪರೀಕ್ಷಿಸಿ, ಮರದಿಂದ ಮರಕ್ಕೆ ಕ್ಯಾಂಪ್ಟೊಥೆಸಿನ್ ಪ್ರಮಾಣದಲ್ಲಿ ತುಂಬ ವ್ಯತ್ಯಾಸ ಇರುವುದನ್ನು ದಾಖಲಿಸಿದ್ದಾರೆ. ತೊಗಟೆ, ಬೇರಿಗಾಗಿ ಮರಗಳನ್ನು ಬುಡಸಮೇತ ಕಡಿದು ಸಾಗಿಸಿದ್ದರಿಂದ ಹಲವೆಡೆ ಅವು ವಿರಳವಾಗಿವೆ. ಶರಾವತಿ ಕಣಿವೆಯಲ್ಲಿ 2000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯ ಚರ್ಚೆ ಬಂದಾಗ ಕಾಡನ್ನು ಎಕರೆಯಲ್ಲಿ ಅಳೆಯುತ್ತೇವೆ. ಅಲ್ಲಿನ ಒಂದೊಂದು ಮರದ ಜೀನ್ ಯಾವ ಕಾಯಿಲೆಯ ಯಾವ ಪ್ರಶ್ನೆಗೆ ಉತ್ತರ ಇಟ್ಟುಕೊಂಡಿದೆಯೋ, ಅದು ಎಕರೆಯ ಲೆಕ್ಕದಲ್ಲಿ ಬರುವುದಿಲ್ಲ.

ಹೊಸ ಶತಮಾನದಲ್ಲಿ ಸಂಶೋಧನೆಯ ಕಣ್ಣು ಪಂಪುಗಳಿಂದ ಆಚೆ ಹೊರಳಿತು. ಇಮಾಟಿನಿಬ್ ಮಾತ್ರೆ ಒಂದು ಬಗೆಯ ರಕ್ತಕ್ಯಾನ್ಸರನ್ನು ಮಾತ್ರೆ ನುಂಗಿ ಬದುಕಬಹುದಾದ ಕಾಯಿಲೆಯಾಗಿಸಿದ 2001ರಲ್ಲೇ, ಆ ಮಾತ್ರೆ ಕೂರುವ ಜಾಗವೇ ಬದಲಾದ ಕೋಶಗಳನ್ನು ಚಾರ್ಲ್ಸ್ ಸಾಯರ್ಸ್ ತಂಡ ತೋರಿಸಿತು. ನಮ್ಮ ಭಾಗದಲ್ಲಿ ಕಾಡುವ ಬಾಯಿ ಕ್ಯಾನ್ಸರಿಗೆ ಕೊಡುವ ಸಿಸ್‌ಪ್ಲಾಟಿನ್ ಪಿ-ಗ್ಲೈಕೊಪ್ರೊಟೀನಿನ ಹಿಡಿತಕ್ಕೇ ಬರುವುದಿಲ್ಲ. ಅಲ್ಲಿ ಕೋಶಗಳು ಔಷಧವನ್ನು ಕಡಿಮೆ ಒಳಬಿಡುತ್ತವೆ, ಗ್ಲುಟಾಥಯೋನ್‌ನಿಂದ ಕಟ್ಟಿಹಾಕುತ್ತವೆ, ಹಾಳಾದ ಡಿಎನ್‌ಎಯನ್ನು ಬೇಗ ರಿಪೇರಿ ಮಾಡಿಕೊಳ್ಳುತ್ತವೆ. ಬಾಯಿ ಕ್ಯಾನ್ಸರಿನ ಮಾತು ಬಂದಾಗ ಅಡಿಕೆಯನ್ನು ಬಿಡಲಾಗದು. ಅದು ನಮ್ಮ ಮೂರೂ ತಾಲ್ಲೂಕುಗಳ ಜೀವನಾಧಾರ ಎಂಬುದನ್ನು ಬಲ್ಲೆ. ಅದನ್ನು ಜಗಿಯುವುದು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರಲ್ಲಿ ಹೇಳಿದ್ದನ್ನೂ ಮುಚ್ಚಿಡಲಾಗದು.

2010ರಲ್ಲಿ ಬಾಸ್ಟನ್ನಿನ ಶ್ರೀನಾಥ್ ಶರ್ಮಾ ಮತ್ತು ಜೆಫ್ ಸೆಟ್ಲ್‌ಮನ್ ಇನ್ನೊಂದು ಬಗೆಯನ್ನು ಕಂಡರು. ಔಷಧ ಸುರಿದಾಗ ಸಾವಿರಕ್ಕೆ ಕೆಲವೇ ಕೋಶಗಳು, ಜೀನ್ ಬದಲಾವಣೆ ಏನೂ ಇಲ್ಲದೆ, ಬೆಳವಣಿಗೆ ನಿಧಾನಿಸಿ ತಡೆದುಕೊಂಡವು. ಔಷಧ ನಿಲ್ಲಿಸಿ ಬೆಳೆಸಿದರೆ ಅವುಗಳ ಸಂತತಿ ಮತ್ತೆ ಮೊದಲಿನಂತೆ ಮದ್ದಿಗೆ ಬಗ್ಗಿತು. ಪ್ರತಿರೋಧ ಹಿಂದಿರುಗಬಲ್ಲ ಸ್ಥಿತಿಯೂ ಆಗಿರಬಹುದು ಎಂಬ ಈ ವಿಚಾರದ ಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೋಹಿತ್ ಕುಮಾರ್ ಜಾಲಿ ಅವರ ತಂಡ ಗಣಿತದ ಮಾದರಿಗಳನ್ನು ಕಟ್ಟುತ್ತಿದೆ. ಸ್ತನ ಕ್ಯಾನ್ಸರಿನ ಕೋಶಗಳು ರೂಪ ಬದಲಿಸುವುದಕ್ಕೂ ಟಮೊಕ್ಸಿಫೆನ್‌ಗೆ ಒಗ್ಗುವುದಕ್ಕೂ ಇರುವ ನಂಟನ್ನು ಅವರು 2021ರಲ್ಲಿ ವಿವರಿಸಿದರು.

ರೋಗ ಮರಳಿದಾಗ ಅದು ಯಾವ ದಾರಿಯಲ್ಲಿ ತಪ್ಪಿಸಿಕೊಂಡಿತೆಂದು ನೋಡಿ ಮುಂದಿನ ಮದ್ದು ಆರಿಸುವುದು ಈಗಿನ ಕ್ರಮ. ಅದಕ್ಕೆ ಗಡ್ಡೆಯ ತುಣುಕು ಮತ್ತೆ ಬೇಕು, ಅದನ್ನು ತೆಗೆಸಲು ದೊಡ್ಡ ಆಸ್ಪತ್ರೆಗೇ ಹೋಗಬೇಕು. ಭಟ್ಕಳದಿಂದ ಮಣಿಪಾಲಕ್ಕೆ ಸುಮಾರು 90 ಕಿಲೋಮೀಟರ್, ಕುಮಟಾದಿಂದ 150ರಷ್ಟು. ಇಲ್ಲವೇ ಘಟ್ಟ ಹತ್ತಿ ಹುಬ್ಬಳ್ಳಿ. ನಮ್ಮ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ಬೀದಿಗಿಳಿದು ಕೇಳಿದ್ದಾರೆ, ಕೇಳುತ್ತಲೇ ಇದ್ದಾರೆ. ಕಿಮೋದಿಂದ ನಿತ್ರಾಣವಾದವರನ್ನು ಬರೀ ಒಂದು ಪರೀಕ್ಷೆಗೆಂದು ಅಷ್ಟು ದೂರ ಒಯ್ಯುವುದು ಎಂಥ ಕಷ್ಟವೆಂದು ಇಲ್ಲಿನ ಮನೆಗಳಿಗೆ ಗೊತ್ತು. ಗಡ್ಡೆಯಿಂದ ರಕ್ತಕ್ಕೆ ಸೋರುವ ಡಿಎನ್‌ಎ ಚೂರುಗಳಲ್ಲೇ ಬದಲಾವಣೆ ಹುಡುಕುವ ಪರೀಕ್ಷೆಗೆ ಅಮೆರಿಕದಲ್ಲಿ 2016ರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಮಟ್ಟಿಗೆ ಮೊದಲ ಅನುಮತಿ ಸಿಕ್ಕಿತು. ಭಾರತದ ಪ್ರಯೋಗಾಲಯಗಳಲ್ಲೂ ಈಗ ಅಂಥ ಪರೀಕ್ಷೆಗಳು ನಡೆಯುತ್ತವೆ. ಇದಕ್ಕೆಂದೇ ಬರುವ ಕೊಳವೆಗಳಲ್ಲಿ ತುಂಬಿದ ರಕ್ತ, ಫ್ರಿಜ್ಜಿಲ್ಲದೆಯೂ ಕೆಲವು ದಿನ ಕೆಡುವುದಿಲ್ಲ. ಆ ರಕ್ತ ತೆಗೆಯುವ ಕೆಲಸವನ್ನು ಕುಮಟಾ, ಹೊನ್ನಾವರ, ಭಟ್ಕಳದ ತಾಲ್ಲೂಕು ಆಸ್ಪತ್ರೆಗಳಲ್ಲೇ ಮಾಡಬಹುದು. ಮಾದರಿ ಮಣಿಪಾಲಕ್ಕೋ ಬೆಂಗಳೂರಿಗೋ ಹೋಗಲಿ, ರೋಗಿ ಮನೆಯಲ್ಲಿರಲಿ.