ಯುಗಾದಿ ಹೊತ್ತಿಗೆ ವಾಪಸ್ ಹೊರಡೋ ಹಕ್ಕಿಗಳು: ಹೆಸರಘಟ್ಟದಲ್ಲಿ ಯಾವುವು, ಯಾವಾಗ ಕಾಣ್ತವೆ?

ಟಿ. ದಾಸರಹಳ್ಳಿ: ಶಿವರಾತ್ರಿ ಕಳೆದು ಯುಗಾದಿ ಹತ್ತಿರವಾಗ್ತಿದ್ದಂತೆ ದಾಸರಹಳ್ಳಿ ಸುತ್ತಲಿನ ಕೆರೆ, ಹುಲ್ಲುಗಾವಲುಗಳಿಂದ ವಲಸೆ ಹಕ್ಕಿಗಳು ಊರಿಗೆ ಹೊರಡ್ತವೆ. ಸೆಪ್ಟೆಂಬರ್-ಅಕ್ಟೋಬರ್‌ನಿಂದ ಬರೋಕೆ ಶುರುವಾಗುವ ಇವು ಚಳಿಗಾಲ ಇಲ್ಲೇ ಕಳೆದು ಮಾರ್ಚ್-ಏಪ್ರಿಲ್‌ನಲ್ಲಿ ಮಧ್ಯ ಏಷ್ಯಾ, ಸೈಬೀರಿಯಾ ಕಡೆ ಹಾರುತ್ತವೆ. ಇವನ್ನು ನೋಡೋಕೆ ರಂಗನತಿಟ್ಟಿಗೇ ಹೋಗಬೇಕು ಅಂತೇನಿಲ್ಲ. ಬಾಗಲಗುಂಟೆ, ಚಿಕ್ಕಬಾಣಾವರ ದಾಟಿ ಮುಂದೆ ಹೋದರೆ ಹೆಸರಘಟ್ಟ ಸಿಗುತ್ತದೆ.

ಯಾಕೆ ಹೊರಡ್ತವೆ?

ಹಗಲು ಉದ್ದವಾಗ್ತಿದ್ದಂತೆ ಹಕ್ಕಿಗಳ ಮೈಯಲ್ಲಿ ಬದಲಾವಣೆ ಶುರುವಾಗುತ್ತದೆ. ಹೊಟ್ಟೆತುಂಬ ತಿಂದು ಕೊಬ್ಬು ಕೂಡಿಸಿಕೊಳ್ತವೆ. ದಾರಿಗೆ ಅದೇ ಬುತ್ತಿ. ಅಷ್ಟರಲ್ಲಿ ಉತ್ತರದಲ್ಲಿ ಹಿಮ ಕರಗಿ, ಹುಳ-ಹುಪ್ಪಟೆ ಹೆಚ್ಚಾಗಿ ಮರಿ ಮಾಡೋಕೆ ಅನುಕೂಲವಾಗಿರುತ್ತದೆ. ಹೀಗಾಗಿ ಹೊರಡೋ ಮುಂಚಿನ ವಾರಗಳಲ್ಲಿ ಇಲ್ಲಿ ಸಿಗುವ ಮೇವು ಬಹಳ ಮುಖ್ಯ.

ಯಾವ ಹಕ್ಕಿ, ಎಲ್ಲಿ?

ಹುಲ್ಲುಗಾವಲು: ಇಲ್ಲಿನ ಮುಖ್ಯ ಅತಿಥಿ ಸೆಳೆವ. ಹುಲ್ಲಿನ ಮೇಲೆ ತೀರಾ ತಗ್ಗಿನಲ್ಲಿ ತೇಲುತ್ತಾ ಮಿಡತೆ, ಇಲಿ ಹುಡುಕುವ ಬೇಟೆಹಕ್ಕಿ ಇದು. ರಾತ್ರಿ ಮಲಗೋದೂ ನೆಲದ ಮೇಲೆ, ಹುಲ್ಲಿನ ನಡುವೆಯೇ.

ಕೆರೆ: ಸೂಜಿಬಾಲದ ಬಾತು, ಹುಬ್ಬಿನ ಮೇಲೆ ಬಿಳಿ ಪಟ್ಟೆ ಇರುವ ಗಾರ್ಗೆನಿ ಬಾತು. ಕೆಸರಿನ ಅಂಚಿನಲ್ಲಿ ಗದ್ದೆಗೊರವ, ಹಳದಿ ಸಿಪಿಲೆ.

ಕರೆಂಟ್ ತಂತಿ: ಸಾಲಾಗಿ ಕೂರುವ ಕವಲುತೋಕೆ. ಇದಕ್ಕೆ ಊರಿನ ಒಳಗೂ ಕಣ್ಣಿಟ್ಟಿರಬಹುದು.

ಅಪರೂಪದ ದಾಖಲೆ

ಅಳಿವಿನಂಚಿನಲ್ಲಿರುವ ಲೆಸ್ಸರ್ ಫ್ಲೋರಿಕನ್ 2011ರಲ್ಲಿ ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಕಾಣಿಸಿಕೊಂಡಿತ್ತು. ಹುಲ್ಲು ಬಿಟ್ಟರೆ ಬೇರೆ ಗತಿಯಿಲ್ಲದ ಹಕ್ಕಿ ಅದು. ಬರೀ ಬೀಳು ಜಮೀನು ಅಂತ ಕಂಡ ಜಾಗದ ಬೆಲೆ ಏನು ಅನ್ನೋದಕ್ಕೆ ಇದೇ ಸಾಕ್ಷಿ.

ಹುಲ್ಲುಗಾವಲಿನ ಹೋರಾಟ

ಬೆಂಗಳೂರಿಗೆ ನೀರು ಕೊಡೋಕೆ ಅರ್ಕಾವತಿಗೆ ಅಡ್ಡಲಾಗಿ ಹೆಸರಘಟ್ಟ ಕೆರೆ ಕಟ್ಟಿದ್ದು 1894ರಲ್ಲಿ. ಪಕ್ಕದ ಹುಲ್ಲುಗಾವಲಿನ ಮೇಲೆ ಹಲವು ಯೋಜನೆಗಳ ಕಣ್ಣು ಬಿದ್ದಿತ್ತು. ಫಿಲ್ಮ್ ಸಿಟಿ ಪ್ರಸ್ತಾಪವೂ ಬಂದಿತ್ತು. ಇದನ್ನು ಸಂರಕ್ಷಿತ ಮೀಸಲು ಪ್ರದೇಶ ಮಾಡುವ ಪ್ರಸ್ತಾವನೆಯನ್ನು ರಾಜ್ಯ ವನ್ಯಜೀವಿ ಮಂಡಳಿ 2021ರ ಜನವರಿಯಲ್ಲಿ ತಿರಸ್ಕರಿಸಿತು. ಹೋರಾಟ ಹೈಕೋರ್ಟ್ ಮೆಟ್ಟಿಲೂ ಏರಿತು. ಕೊನೆಗೆ 2024ರ ಅಕ್ಟೋಬರ್‌ನಲ್ಲಿ ಮಂಡಳಿ 5,678 ಎಕರೆಗೆ ಒಪ್ಪಿಗೆ ಕೊಟ್ಟಿತು.

ಕೆರೆ ಅಂಚೇ ಹಕ್ಕಿಯ ತಟ್ಟೆ

ನಗರದೊಳಗಿನ ಕೆರೆಗಳ ಸಮಸ್ಯೆ ಬೇರೆ. ಕೊಳಚೆ ನೀರು ಒಂದು ಕಡೆಯಾದರೆ, ಅಭಿವೃದ್ಧಿಯ ರೀತಿ ಇನ್ನೊಂದು ಕಡೆ. ಹೂಳು ತೆಗೆದು, ಸುತ್ತ ಕಡಿದಾದ ಏರಿ ಕಟ್ಟಿ, ಬಟ್ಟಲಿನಂತೆ ಮಾಡಿದರೆ ನೀರೇನೋ ನಿಲ್ಲುತ್ತದೆ, ವಾಕಿಂಗ್‌ಗೂ ಚೆನ್ನ. ಆದರೆ ಗೊರವಗಳಿಗೆ ಬೇಕಿರೋದು ಕಾಲು ಮುಳುಗುವಷ್ಟೇ ನೀರು, ಕೊಕ್ಕು ಇಳಿಯುವ ಕೆಸರು. ಆಳದ ನೀರಿನಲ್ಲಿ ಅವಕ್ಕೆ ನಿಲ್ಲೋಕೂ ಆಗಲ್ಲ. ಒಂದು ಬದಿಯನ್ನಾದರೂ ಇಳಿಜಾರಾಗಿ, ಜೊಂಡು-ಕೆಸರಿನೊಂದಿಗೆ ಬಿಟ್ಟರೆ ಇಬ್ಬರಿಗೂ ಜಾಗ ಸಿಗುತ್ತದೆ.

ನೋಡೋಕೆ ಹೋಗೋರು ಗಮನಿಸಿ

* ಬೆಳಗ್ಗೆ 6ರಿಂದ 9 ಒಳ್ಳೆ ಸಮಯ. ಬೈನಾಕ್ಯುಲರ್ ಇದ್ದರೆ ಒಳ್ಳೇದು.
* ಹುಲ್ಲಿನ ಮೇಲೆ ಬೈಕು, ಜೀಪು ಓಡಿಸಬೇಡಿ. ನೆಲಗುಬ್ಬಿ, ಟಿಟ್ಟಿಭ ನೆಲದಲ್ಲೇ ಮೊಟ್ಟೆ ಇಡ್ತವೆ.
* ಫೋಟೊಗಾಗಿ ಹಕ್ಕಿಯನ್ನು ಎಬ್ಬಿಸಬೇಡಿ, ಮೊಬೈಲ್‌ನಲ್ಲಿ ಅದರ ಕೂಗು ಹಾಕಬೇಡಿ.
* ಕಂಡ ಹಕ್ಕಿ, ದಿನ, ಜಾಗವನ್ನು ಇ-ಬರ್ಡ್ ಆ್ಯಪ್‌ನಲ್ಲಿ ಉಚಿತವಾಗಿ ದಾಖಲಿಸಬಹುದು. ನಾಳೆ ಕೆರೆ ಉಳಿಸೋಕೆ ಇದೇ ದಾಖಲೆ ಬೇಕಾಗುತ್ತದೆ.
* ಗಾಯಗೊಂಡ ಹಕ್ಕಿ ಕಂಡರೆ ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಕರೆ ಮಾಡಿ.