ಬಿಬಿಸಿ ಮೈಕ್ರೊ: ಒಂದು ಶಾಲಾ ಗಣಕದ ವಿದ್ಯುತ್ತು ಮತ್ತು ಸ್ಮೃತಿ

ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದ 1984ರಲ್ಲಿಯೇ ಭಾರತದ ಶಾಲೆಗಳೊಳಗೆ ಗಣಕಯಂತ್ರವನ್ನು ತರುವ ಕೇಂದ್ರ ಸರಕಾರದ ಯೋಜನೆಯೂ ಮೊದಲಾಯಿತು. ‘ಕ್ಲಾಸ್’ ಎಂಬ ಸಂಕ್ಷಿಪ್ತ ನಾಮದ ಆ ಯೋಜನೆಗೆ 1984-85ರ ಪ್ರಥಮ ಹಂತದಲ್ಲಿ 250 ಶಾಲೆಗಳು ಆಯ್ಕೆಗೊಂಡವು. ಅವುಗಳಿಗೆ ದೊರೆತದ್ದು ಬಿಬಿಸಿ ಮೈಕ್ರೊ ಎಂಬ ಬ್ರಿಟಿಷ್ ಯಂತ್ರ. ಗಡಿನಾಡಿನ ನಮ್ಮ ಶಾಲೆ ಆ ಪಟ್ಟಿಯಲ್ಲಿರಲಿಲ್ಲ. ಆದರೆ ಬೇರೆಲ್ಲೋ ಮೂಲೆಗೆ ಬಿದ್ದಿದ್ದ ಅಂತಹ ಒಂದು ಯಂತ್ರವನ್ನು ನಮ್ಮ ಹಳೆ ವಿದ್ಯಾರ್ಥಿಯೊಬ್ಬರು ಶತಮಾನೋತ್ಸವದ ವಸ್ತುಪ್ರದರ್ಶನಕ್ಕಾಗಿ ತಂದುಕೊಟ್ಟಿದ್ದಾರೆ. ನೋಡಿದವರೆಲ್ಲ ಕೇಳುವ ಮೊದಲ ಪ್ರಶ್ನೆ, ‘ಇದು ಈಗಲೂ ನಡೆಯುತ್ತದೆಯೆ?’ ಎಂದು. ಉತ್ತರ ಹೇಳುವ ಮುನ್ನ ಯಂತ್ರದ ಚರಿತ್ರೆಯನ್ನೂ ಅದರ ಕಾಯಿಲೆಗಳನ್ನೂ ತಿಳಿಯುವುದು ಕ್ಷೇಮ.

ಕೇಂಬ್ರಿಜ್‌ನ ಏಕಾರ್ನ್ ಸಂಸ್ಥೆ ಇದನ್ನು 1981ರ ಕೊನೆಯಲ್ಲಿ ಹೊರತಂದಿತು. ಬಿಬಿಸಿ ದೂರದರ್ಶನವು ಗಣಕ ಶಿಕ್ಷಣದ ಕಾರ್ಯಕ್ರಮಗಳಿಗೆ ಜತೆಯಾಗಿ ಇಂತಹದೊಂದು ಯಂತ್ರವನ್ನು ಬಯಸಿತ್ತು. ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ವಿನ್ಯಾಸಕಾರರಲ್ಲಿ ಪ್ರಮುಖರು. ಕೀಲಿಮಣೆ, ಸಂಸ್ಕಾರಕ, ಸ್ಮೃತಿ, ವಿದ್ಯುತ್ ಪೆಟ್ಟಿಗೆ ಎಲ್ಲವೂ ಒಂದೇ ಕವಚದೊಳಗೆ; ಪರದೆಯಾಗಿ ಮನೆಯ ಟಿವಿ. ‘ಬಿ’ ಮಾದರಿಯ ಒಟ್ಟು ಸ್ಮೃತಿ 32 ಕೆ ಮಾತ್ರ. ಇಂದು ಮೊಬೈಲಿನಲ್ಲಿ ಕಳಿಸುವ ಒಂದು ಸಣ್ಣ ಚಿತ್ರಕ್ಕೂ ಅದು ಸಾಲದು.

ಹಳೆಯ ಯಂತ್ರ ಕೆಟ್ಟಿತೆಂದರೆ ‘ಮೆಮೊರಿ ಹೋಯಿತು’ ಎನ್ನುವುದು ರೂಢಿ. ನನ್ನ ದೃಷ್ಟಿಯಲ್ಲಿ ಈ ತೀರ್ಪು ಬಹಳ ಸಲ ಅವಸರದ್ದು. ಸ್ಮೃತಿಯ ಚಿಪ್‌ಗಳಿಗೆ 5 ವೋಲ್ಟ್ ಬೇಕು. ಅದು 4.75ಕ್ಕಿಂತ ಕೆಳಗಿಳಿದರೆ ಸರಿಯಿರುವ ಚಿಪ್ ಕೂಡ ತಪ್ಪುತಪ್ಪಾಗಿ ನೆನಪಿಡುತ್ತದೆ. ಊಟ ಸಿಗದ ಮಗುವನ್ನು ದಡ್ಡನೆಂದು ಕರೆದಂತೆ! ಆದ್ದರಿಂದ ಮೊದಲು ವಿದ್ಯುತ್ತು, ಅನಂತರ ಸ್ಮೃತಿ ಎಂಬ ಕ್ರಮದಲ್ಲಿಯೇ ಪರೀಕ್ಷೆ ನಡೆಯಬೇಕು.

ವಿದ್ಯುತ್ ಪೆಟ್ಟಿಗೆಯ ಕಥೆ ಆರಂಭದಿಂದಲೂ ನೆಮ್ಮದಿಯದಲ್ಲ. ಮೊದಮೊದಲ ಯಂತ್ರಗಳ ಪೆಟ್ಟಿಗೆ ಅತಿಯಾಗಿ ಬಿಸಿಯಾಗುತ್ತಿದ್ದುದರಿಂದ ಏಕಾರ್ನ್ ಅದನ್ನು ಬಿಟ್ಟು ಸ್ವಿಚ್ ಮೋಡ್ ಪದ್ಧತಿಯ ಪೆಟ್ಟಿಗೆಗೆ ಹೊರಳಿತು. ಅದರಲ್ಲಿಯೂ ಒಂದು ದೌರ್ಬಲ್ಯ ಉಳಿಯಿತು. ಗೋಡೆಯಿಂದ ಬರುವ ವಿದ್ಯುತ್ತಿನ ಗದ್ದಲವನ್ನು ಸೋಸಲು ಕಾಗದದ ಪದರಗಳಿಂದಾದ ಕೆಪಾಸಿಟರ್‌ಗಳನ್ನು ಅಲ್ಲಿ ಬಳಸಿದ್ದರು. ದಶಕಗಳು ಕಳೆದಂತೆ ಅವುಗಳ ಪಾರದರ್ಶಕ ಹೊದಿಕೆ ಕೂದಲೆಳೆಯಂತೆ ಬಿರುಕು ಬಿಡುತ್ತದೆ. ಒಳಗಿನ ಕಾಗದ ಆಟಿ ತಿಂಗಳ ಹಪ್ಪಳದಂತೆ ತೇವ ಹೀರುತ್ತದೆ. ನಮ್ಮ ಕರಾವಳಿಯ ಹವೆಯಲ್ಲಿ ಇದಕ್ಕೆ ಹೆಚ್ಚು ಕಾಲ ಬೇಕಿಲ್ಲ. ಅಂತಹ ಯಂತ್ರಕ್ಕೆ ವಿದ್ಯುತ್ ಕೊಟ್ಟರೆ ಸ್ವಲ್ಪ ಹೊತ್ತಿನಲ್ಲಿ ‘ಠಪ್’ ಎಂದು ಸಿಡಿದು ದುರ್ವಾಸನೆಯ ದಟ್ಟ ಹೊಗೆ ಏಳುತ್ತದೆ. ವಿಚಿತ್ರವೆಂದರೆ, ಆಗಲೂ ಯಂತ್ರ ನಡೆಯುತ್ತಲೇ ಇರಬಹುದು. ಸುಟ್ಟದ್ದು ಸೋಸುವ ಭಾಗ ಮಾತ್ರ. ಹೊಗೆ ಕಂಡೊಡನೆ ಯಂತ್ರವೇ ಸತ್ತಿತೆಂದು ಎಸೆಯಬೇಕಾಗಿಲ್ಲ. ಆದರೆ ಪೆಟ್ಟಿಗೆಯನ್ನು ತೆರೆಯುವ ಕೆಲಸ ಬಲ್ಲವರಿಗೇ ಮೀಸಲಾಗಿರಲಿ. 230 ವೋಲ್ಟ್ ಅದರೊಳಗೆ ಸುಮಾರು 325 ವೋಲ್ಟ್‌ನ ಏಕಮುಖ ವಿದ್ಯುತ್ತಾಗಿ ನಿಲ್ಲುತ್ತದೆ. ಪ್ಲಗ್ ಕಿತ್ತ ಮೇಲೂ ಕೆಲಕಾಲ ಉಳಿಯಬಲ್ಲುದು.

ವಿದ್ಯುತ್ತಿನ ವಿಚಾರದಲ್ಲಿ ಇದೇ ವಿನ್ಯಾಸಕಾರರ ಒಂದು ಪ್ರಸಂಗ ಸ್ವಾರಸ್ಯಕರವಾಗಿದೆ. 1985ರ ಏಪ್ರಿಲಿನಲ್ಲಿ ತಾವು ರೂಪಿಸಿದ ಮೊದಲ ಆರ್ಮ್ ಸಂಸ್ಕಾರಕವನ್ನು ಅವರು ಪರೀಕ್ಷಿಸಿದರು. ಚಿಪ್ ಸರಿಯಾಗಿ ಕೆಲಸ ಮಾಡುತ್ತಿತ್ತು, ವಿದ್ಯುತ್ ಅಳೆಯುವ ಮಾಪಕ ಮಾತ್ರ ಸೊನ್ನೆ ತೋರಿಸುತ್ತಿತ್ತು. ನೋಡಿದರೆ ವಿದ್ಯುತ್ ತಂತಿಯೇ ಜೋಡಣೆಯಾಗಿರಲಿಲ್ಲ! ಸಂಕೇತದ ತಂತಿಗಳಿಂದ ಸೋರಿದ ಅಲ್ಪ ವಿದ್ಯುತ್ತಿನಲ್ಲೇ ಅದು ನಡೆದಿತ್ತು. ಆ ಚಿಪ್‌ನ ಸಂತತಿಯೇ ಇಂದು ನಮ್ಮ ಮೊಬೈಲುಗಳೊಳಗಿದೆ.

ಇನ್ನು ಸ್ಮೃತಿ. 16 ಚಿಪ್‌ಗಳು, ಎಂಟೆಂಟರ ಎರಡು ತಂಡ. ಪ್ರತಿ ತಂಡಕ್ಕೆ 16 ಕೆ. ಒಂದೊಂದು ಅಕ್ಷರದ ಸಂಕೇತವೂ ಎಂಟು ತುಂಡುಗಳಾಗಿ ಎಂಟು ಚಿಪ್‌ಗಳಲ್ಲಿ ಹಂಚಿಹೋಗುತ್ತದೆ. ಆದುದರಿಂದ ಒಂದು ಚಿಪ್ ಕೆಟ್ಟರೆ ತಪ್ಪು ಅಡ್ಡಾದಿಡ್ಡಿಯಾಗಿರುವುದಿಲ್ಲ, ಅದಕ್ಕೊಂದು ನಿಯಮವಿರುತ್ತದೆ. ಇಂಗ್ಲಿಷಿನ ‘ಎ’ಗೆ ಸಂಕೇತ 65, ‘ಬಿ’ಗೆ 66, ‘ಸಿ’ಗೆ 67. ಎರಡರ ಸ್ಥಾನವನ್ನು ಕಾಯುವ ಚಿಪ್ ಸದಾ ‘1’ ಎಂದೇ ಹೇಳತೊಡಗಿದರೆ 65 ಎಂಬುದು 67 ಆಗಿ, ‘ಎ’ ಇರಬೇಕಾದಲ್ಲೆಲ್ಲ ‘ಸಿ’ ಕಾಣಿಸುತ್ತದೆ. ‘ಬಿ’ ಮಾತ್ರ ‘ಬಿ’ಯಾಗಿಯೇ ಉಳಿಯುತ್ತದೆ. ಪರದೆಯ ತಪ್ಪುಗಳನ್ನು ಕಾಗದದಲ್ಲಿ ಬರೆದು ಲೆಕ್ಕ ಹಾಕಿದರೆ ಅಪರಾಧಿ ಚಿಪ್ ಯಾವುದೆಂದು ಎಂಟನೇ ತರಗತಿಯ ಮಗುವೂ ಹೇಳಬಲ್ಲುದು. ದ್ವಿಮಾನ ಪದ್ಧತಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ.

ಪರದೆಯ ಅಕ್ಷರಗಳು ಕುಳಿತಿರುವುದು ಎರಡನೆಯ ತಂಡದಲ್ಲಿ. ಮೊದಲನೆಯ ತಂಡದಲ್ಲಿ ಸಂಸ್ಕಾರಕವು ತನ್ನ ಕೆಲಸದ ಲೆಕ್ಕ ಬರೆದಿಡುವ ಜಾಗವಿರುವುದರಿಂದ ಅಲ್ಲಿ ದೋಷವಾದರೆ ಯಂತ್ರ ಏಳುವುದೇ ಇಲ್ಲ. ಆರೋಗ್ಯವಂತ ಯಂತ್ರ ಸ್ವಿಚ್ ಹಾಕಿದೊಡನೆ ಒಂದು ತಗ್ಗು ಸ್ವರ, ಬೆನ್ನಿಗೇ ಒಂದು ಏರು ಸ್ವರ ಹೊರಡಿಸಿ ಸುಮ್ಮನಾಗುತ್ತದೆ. ತಗ್ಗು ಸ್ವರವೇ ನಿಲ್ಲದೆ ಎಳೆಯುತ್ತಿದ್ದರೆ ಸಂಸ್ಕಾರಕ ಕೆಲಸ ಆರಂಭಿಸಿಲ್ಲವೆಂದು ಅರ್ಥ. ಆಗ 5 ವೋಲ್ಟ್ ಇದೆಯೇ ಎಂದು ಅಳೆದು, ವಿದ್ಯುತ್ ತೆಗೆದು, ಸಾಕೆಟ್‌ನಲ್ಲಿರುವ ಚಿಪ್‌ಗಳನ್ನು ಮೆಲ್ಲಗೆ ಒತ್ತಿ ಕೂರಿಸಿ ನೋಡುವುದು ವಾಡಿಕೆ. ಕಾಲಿಗೆ ಕಿಲುಬು ಹಿಡಿದ ಚಿಪ್ ಅಷ್ಟರಿಂದಲೇ ಎಚ್ಚರಗೊಂಡರೂ ಗೊಳ್ಳಬಹುದು.

ಕನ್ನಡ ಶಾಲೆಯವರಾದ ನಮಗೆ ಈ ಸ್ಮೃತಿಯ ಕೊರತೆಗೆ ಇನ್ನೊಂದು ಮುಖವೂ ಇದೆ. ಯಂತ್ರ ಏಳುವಾಗ ಬಳಸುವ ಅಕ್ಷರವಿಧಾನಕ್ಕೆ 1 ಕೆ ಸಾಕು. ಆದರೆ ಅದರ ಲಿಪಿ ಬೇರೊಂದು ಚಿಪ್‌ನಲ್ಲಿ ಕೊರೆದಿಟ್ಟದ್ದು, ಇಂಗ್ಲಿಷಿನದು, ಬದಲಾಗದ್ದು. ಎಂಟೆಂಟು ಚುಕ್ಕಿಗಳ ಚೌಕದಲ್ಲಿ ನಮ್ಮದೇ ಅಕ್ಷರವನ್ನು ಬಿಡಿಸಬಹುದಾದ ವಿಧಾನಗಳು 8ರಿಂದ 20 ಕೆವರೆಗೆ ಕಬಳಿಸುತ್ತಿದ್ದವು. ‘ರ’, ‘ಗ’ ಬರೆದಾವು. ‘ಸ್ತ್ರೀ’ ಎಂದು ಬರೆಯಹೊರಟರೆ ಒತ್ತುಗಳಿಗೆ ಕೆಳಗಿನ ಚೌಕವೂ ಬೇಕು, ದೀರ್ಘಕ್ಕೆ ಪಕ್ಕದ್ದೂ ಬೇಕು.

ನಮ್ಮ ಯಂತ್ರದ ವಿದ್ಯುತ್ ಪೆಟ್ಟಿಗೆಯನ್ನು ಸದ್ಯ ಬೇರ್ಪಡಿಸಿ ಇಡಲಾಗಿದೆ. ಹೊಸ ಕೆಪಾಸಿಟರ್ ಹಾಕಿ 5 ವೋಲ್ಟ್ ಅಳೆದಾಗುವವರೆಗೆ ಪ್ರದರ್ಶನದಲ್ಲಿ ಅದರ ಮುಚ್ಚಳ ತೆರೆದೇ ಇರುತ್ತದೆ. 16 ಚಿಪ್‌ಗಳನ್ನು ಮಕ್ಕಳು ಎಣಿಸಬಹುದು.