ಗುರುವಿನ ಗಮಛಾ, ಶಿಷ್ಯನ ಮಗ್ಗ

ಭಗವಾನ್ ವೃಷಭನಾಥರು ಪ್ರಜೆಗಳಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪವೆಂಬ ಷಟ್ಕರ್ಮಗಳನ್ನು ಉಪದೇಶಿಸಿದರೆಂದು ಜಿನಸೇನಾಚಾರ್ಯರ ಆದಿಪುರಾಣ ಹೇಳುತ್ತದೆ. ನೇಯ್ಗೆ ಶಿಲ್ಪಕ್ಕೆ ಸೇರಿದುದು. ವರ್ತಕರಾದ ನಾವು ಮಸಿಯನ್ನೂ ವಾಣಿಜ್ಯವನ್ನೂ ಉಳಿಸಿಕೊಂಡು ಶಿಲ್ಪವನ್ನು ಅನ್ಯರಿಗೆ ಬಿಟ್ಟೆವು. ಲೆಕ್ಕದ ಪುಸ್ತಕ ಬರೆದೇ ಬಾಳಿದವನ ಒಪ್ಪಿಗೆಯೆಂದು ವಾಚಕರು ಈ ಮಾತನ್ನು ಭಾವಿಸಬೇಕು.

ರಾಜಸ್ಥಾನದ ರಾಣೋಲಿಯಲ್ಲಿ 1891ರಲ್ಲಿ ಜನಿಸಿದ ಭೂರಾಮಲರು ಎಳವೆಯಲ್ಲಿಯೇ ಪಿತೃವಿಯೋಗ ಹೊಂದಿದರು. ಗಯೆಯ ಅಂಗಡಿಯೊಂದರಲ್ಲಿ ದುಡಿದು, ಬಳಿಕ ಕಾಶಿಯ ಸ್ಯಾದ್ವಾದ ಮಹಾವಿದ್ಯಾಲಯವನ್ನು ಸೇರಿದರು. ಪರರ ಹಂಗಿನಲ್ಲಿ ಓದಲು ಮನವೊಪ್ಪದೆ, ಸಂಜೆಯ ಹೊತ್ತು ಗಂಗೆಯ ಘಾಟಿನಲ್ಲಿ ಗಮಛಾ, ಎಂದರೆ ಮೈಯೊರೆಸುವ ವಸ್ತ್ರ, ಮಾರಿ ತಮ್ಮ ವೆಚ್ಚವನ್ನು ತಾವೇ ತೂಗಿಸಿಕೊಂಡರು. ‘ಜಯೋದಯ’, ‘ವೀರೋದಯ’ ಮಹಾಕಾವ್ಯಗಳನ್ನು ಸಂಸ್ಕೃತದಲ್ಲಿ ರಚಿಸಿದ ಆಚಾರ್ಯ ಜ್ಞಾನಸಾಗರರು ಇವರೇ.

ನಮ್ಮ ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ 1946ರಲ್ಲಿ ಜನಿಸಿದ ವಿದ್ಯಾಧರರು 1968ರಲ್ಲಿ ಅಜ್ಮೇರಿನಲ್ಲಿ ಇವರಿಂದಲೇ ದೀಕ್ಷೆ ಪಡೆದು ವಿದ್ಯಾಸಾಗರರಾದರು. 1972ರಲ್ಲಿ ಗುರುವೇ ತಮ್ಮ ಪದವನ್ನು ತ್ಯಜಿಸಿ ಶಿಷ್ಯನಿಗೆ ಆಚಾರ್ಯಪದವನ್ನಿತ್ತರು. ಮೈಮೇಲೆ ನೂಲಿನೆಳೆಯೂ ಇಲ್ಲದ ಈ ದಿಗಂಬರ ಯತಿಗಳು ಶ್ರಾವಕರಿಗೆ ಮಗ್ಗದ ಮಾತನ್ನು ಹೇಳಿದರು! ಅವರ ಪ್ರೇರಣೆಯಿಂದ ಮಧ್ಯಪ್ರದೇಶದಲ್ಲಿ ಕೈಮಗ್ಗದ ತರಬೇತಿ ಕೇಂದ್ರಗಳು ತೆರೆದವು. ಅವಕ್ಕೆ ಇಟ್ಟ ಹೆಸರು ಪಂಡಿತ ಭೂರಾಮಲರದು. ಸಾಗರ್ ನಗರದ ಕೇಂದ್ರ ಕಾರಾಗೃಹದೊಳಗೂ ಮಗ್ಗಗಳು ಬಂದವು.

ನೇಯ್ಗೆ ಕಲಿಯುವವನು ಮೊದಲು ಹಾಸಿನ ನೂರಾರು ಎಳೆಗಳನ್ನು ಒಂದೊಂದಾಗಿ ಹಣಿಗೆಯ ಸಂದುಗಳಲ್ಲಿ ಪೋಣಿಸಬೇಕು. ಒಂದು ತಪ್ಪಿದರೆ ಆ ದೋಷ ಬಟ್ಟೆಯ ಉದ್ದಕ್ಕೂ ಕಾಣುತ್ತದೆ. ಕಾಲು ತುಳಿಯುವುದಕ್ಕೂ ಲಾಳಿ ಓಡುವುದಕ್ಕೂ ಹೊಂದಿಕೆ ಬೇಕು. ಎಳೆ ಕಡಿದರೆ ಮಗ್ಗ ನಿಲ್ಲಿಸಿ ಗಂಟು ಹಾಕಬೇಕು. ಸಿಟ್ಟಿನ ಕೈಗೆ ನೂಲು ನಿಲ್ಲದು. ಸೆರೆಯಲ್ಲಿರುವವನಿಗೆ ಈ ಅಭ್ಯಾಸ ಕೂಲಿಗಿಂತ ಕಡಿಮೆಯದೇನಲ್ಲ.

ಚಳಿಗಾಲದಲ್ಲಿ ನಮ್ಮ ಬಸದಿಗಳ ಟ್ರಸ್ಟುಗಳು ಬಡವರಿಗೆ ಹೊದಿಕೆ ಹಂಚುವುದುಂಟು. ಕಡಿಮೆ ದರ ನೋಡಿ ಸಗಟಿನಲ್ಲಿ ಕೊಳ್ಳುವುದು ರೂಢಿ; ಅಂತಹ ಬಿಲ್ಲುಗಳಿಗೆ ನಾನೂ ರುಜು ಹಾಕಿದ್ದೇನೆ. ಕೈಮಗ್ಗದ್ದು ದುಬಾರಿ, ಅದೇ ಹಣ ಕಡಿಮೆ ಮಂದಿಗೆ ಮುಟ್ಟೀತೆಂಬ ಆಕ್ಷೇಪ ಸುಳ್ಳಲ್ಲ. ನಡುಗುವವನು ನೇಯ್ದವರ ಹೆಸರನ್ನು ಕೇಳುವುದಿಲ್ಲ. ಆದರೂ ಆ ಹಣದಲ್ಲಿ ಹೊದ್ದವನ ಪಾಲಿನೊಡನೆ ನೇಯ್ದವನ ಪಾಲೂ ಇದೆಯೆಂಬುದನ್ನು ನಾವು ಲೆಕ್ಕಕ್ಕೆ ಹಿಡಿಯಲೇ ಇಲ್ಲ. ವಿದ್ಯಾಸಾಗರರು 2024ರ ಫೆಬ್ರವರಿಯಲ್ಲಿ ಡೋಂಗರಗಢದಲ್ಲಿ ಸಲ್ಲೇಖನದಿಂದ ದೇಹತ್ಯಾಗ ಮಾಡಿದ ಮೇಲೆ ನಮ್ಮ ಟ್ರಸ್ಟಿನ ಸಭೆಯಲ್ಲಿ, ಹೊದಿಕೆಗಳಲ್ಲಿ ಅರ್ಧವನ್ನಾದರೂ ಕೈಮಗ್ಗದವರಿಂದ ಕೊಳ್ಳೋಣವೆಂದು ಸೂಚಿಸಿದೆ. ನಿರ್ಣಯ ಇನ್ನೂ ಆಗಿಲ್ಲ.